ಬೆಲೆ ಸರಿಯಾಗಿದೆ ಎಂದು ನಾನು ಹೇಳಿದ ಕೋವಿ

ಮಾನ್ಯ ಸಂಪಾದಕರಿಗೂ ಕನ್ನಡ ಬಳಗದ ಓದುಗರಿಗೂ ವಂದನೆಗಳು.

ವಿಷಯ: ಬಂದೂಕು ಮೇಳದಲ್ಲಿ ಕೊಳ್ಳುವವರಿಗೆ ಲಾಭವಿದೆಯೇ ಎಂಬ ತಮ್ಮ ಪ್ರಶ್ನೆಯ ಬಗ್ಗೆ.

ಸಂಚಿಕೆಗಾಗಿ ಉದ್ಯೋಗದ ಒಂದು ಅನುಭವ ಬರೆದುಕೊಡಬೇಕೆಂದು ತಾವು ಕೇಳಿದಾಗ ಮೇಲಿನ ಪ್ರಶ್ನೆಯನ್ನೂ ನಗುತ್ತಾ ಸೇರಿಸಿದ್ದಿರಿ. ಪತ್ರ, ಟಿಪ್ಪಣಿ, ಅರ್ಜಿಗಳ ಹೊರತು ನಾನು ಇದುವರೆಗೆ ಏನನ್ನೂ ಬರೆದವಳಲ್ಲ. ತಪ್ಪುಗಳಿದ್ದಲ್ಲಿ ಮನ್ನಿಸಬೇಕು. ಸಂಬಂಧಪಟ್ಟ ಹಿರಿಯರ ಒಪ್ಪಿಗೆ ಪಡೆದಿದ್ದೇನೆ. ಯಾರ ಹೆಸರನ್ನೂ ನಮೂದಿಸಿಲ್ಲ.

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ, ಬ್ರಿಡ್ಜ್‌ವಾಟರ್‌ನಿಂದ ಇಪ್ಪತ್ತು ನಿಮಿಷ ದೂರದ ಒಂದು ಬಂದೂಕು ಅಂಗಡಿಯಲ್ಲಿ ನಾನು ದಾಖಲೆಗಳನ್ನು ನೋಡಿಕೊಳ್ಳುತ್ತೇನೆ. ಅಂಗಡಿಗೆ ಬರುವ ಪ್ರತಿ ಬಂದೂಕನ್ನೂ ತಯಾರಕರು, ಮಾದರಿ, ನಂಬರು, ಯಾರಿಂದ ಬಂತು, ಯಾವ ದಿನ ಎಂಬ ವಿವರಗಳೊಂದಿಗೆ ಒಂದು ಪುಸ್ತಕದಲ್ಲಿ ಬರೆಯಬೇಕು. ಹೋಗುವಾಗ ಅದೇ ಸಾಲಿನ ಬಲಭಾಗದಲ್ಲಿ ಯಾರಿಗೆ ಹೋಯಿತೆಂದು ಬರೆಯಬೇಕು. ತಪ್ಪಾದರೆ ಅಳಿಸುವಂತಿಲ್ಲ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಇಲ್ಲಿಗೆ ಬರುವ ಮೊದಲು ಊರಿನಲ್ಲಿ ಜಿಲ್ಲಾ ಕಚೇರಿಯೊಂದರ ಶಸ್ತ್ರ ಪರವಾನಗಿ ವಿಭಾಗದಲ್ಲಿ ಗುಮಾಸ್ತೆಯಾಗಿದ್ದೆ. ಕೆಲಸ ಬಹುಮಟ್ಟಿಗೆ ಅದೇ ಆದ್ದರಿಂದ ಮಾಲೀಕರು ನನ್ನನ್ನು ಇಟ್ಟುಕೊಂಡರು. ಆ ವಿಭಾಗದಲ್ಲಿ ಹಿರಿಯ ಅಧಿಕಾರಿಗಳು ಕಲಿಸಿದ ಮೊದಲ ನಿಯಮವನ್ನು ಇಲ್ಲಿಯೂ ಪಾಲಿಸುತ್ತಿದ್ದೆ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುವುದು, ಕೇಳದ್ದನ್ನು ಸೇರಿಸದಿರುವುದು.

ಜುಲೈ ತಿಂಗಳ ಕೊನೆಯ ಭಾನುವಾರ ಮಾಲೀಕರು ನನ್ನನ್ನು ಪೆನ್ಸಿಲ್ವೇನಿಯಾದ ಒಂದು ಬಂದೂಕು ಮೇಳಕ್ಕೆ ಕರೆದುಕೊಂಡು ಹೋದರು. ನ್ಯೂಜೆರ್ಸಿಯ ಅಂಗಡಿಯವರು ಅಲ್ಲಿ ಮೇಜು ಹಾಕಿ ಮಾರುವಂತಿಲ್ಲ. ಅಲ್ಲಿನ ಪರವಾನಗಿದಾರ ವ್ಯಾಪಾರಿಗಳಿಂದ ಹಳೆಯ ಬಂದೂಕುಗಳನ್ನು ಅಂಗಡಿಗೆ ಕೊಳ್ಳಬಹುದು. ಅವರು ಆರಿಸುವುದು, ನಾನು ನಂಬರು ಬರೆದುಕೊಳ್ಳುವುದು ಎಂದು ಏರ್ಪಾಡು. ದನಗಳ ಪ್ರದರ್ಶನ ನಡೆಯುವ ಉದ್ದನೆಯ ತಗಡಿನ ಶೆಡ್ಡು. ಬಾಗಿಲಿನಲ್ಲಿ ಟಿಕೆಟ್ಟು. ಮಾರಲು ತಂದ ಪ್ರತಿ ಬಂದೂಕಿನಲ್ಲೂ ಗುಂಡಿಲ್ಲವೆಂದು ನೋಡಿ ಪ್ಲಾಸ್ಟಿಕ್ ಪಟ್ಟಿ ಕಟ್ಟುವ ಇಬ್ಬರು ವೃದ್ಧರು. ಒಳಗೆ ಸಾಲುಸಾಲು ಮೇಜುಗಳು. ಬಂದೂಕುಗಳ ಜೊತೆ ಚಾಕು, ಒಣಮಾಂಸ, ಹಳೆಯ ನಾಣ್ಯ, ಸ್ಟಿಕ್ಕರುಗಳು.

ತಮ್ಮ ಪ್ರಶ್ನೆಗೆ ಇಲ್ಲಿಯೇ ಉತ್ತರಿಸುವುದು ಸೂಕ್ತ. ಹೊಸ ಪಿಸ್ತೂಲುಗಳ ಬೆಲೆ ಅಂಗಡಿಯ ಬೆಲೆಗಿಂತ ಹತ್ತಿಪ್ಪತ್ತು ಡಾಲರು ಕಡಿಮೆ ಇರಬಹುದು. ನ್ಯೂಜೆರ್ಸಿಯವರು ಅದನ್ನು ಕೈಯಲ್ಲಿ ಹಿಡಿದು ಬರುವಂತಿಲ್ಲ. ಅದು ಇಲ್ಲಿನ ಅಂಗಡಿಗೆ ಪಾರ್ಸೆಲ್ಲಾಗಿ ಬಂದು, ಅನುಮತಿ ಪತ್ರ ತೋರಿಸಿ, ತಪಾಸಣೆ ಮುಗಿಯುವ ಹೊತ್ತಿಗೆ ವರ್ಗಾವಣೆಯ ಶುಲ್ಕವೂ ಸೇರಿ ಅಂಗಡಿಯ ಬೆಲೆಯನ್ನು ದಾಟಿರುತ್ತದೆ. ಗುಂಡಿನ ತೋಟೆಗಳನ್ನು ಪೆಟ್ಟಿಗೆ ಲೆಕ್ಕದಲ್ಲಿ ಕೊಂಡರೆ ಉಳಿತಾಯವುಂಟು. ಹಳೆಯ ಬಂದೂಕುಗಳಲ್ಲಿ ಮಾತ್ರ ನಿಜವಾದ ಅಗ್ಗ ಸಿಗುತ್ತದೆ, ಅದೂ ನಳಿಗೆಯ ಒಳಗೆ ಬೆಳಕು ಬಿಟ್ಟು ತುಕ್ಕು ನೋಡಬಲ್ಲವರಿಗೆ, ಮಡಚುವ ಕಡೆ ಅಲುಗಾಡಿಸಿ ಸಡಿಲವನ್ನು ಅಳೆಯಬಲ್ಲವರಿಗೆ. ಭಾನುವಾರ ಮಧ್ಯಾಹ್ನ ಮೂರರ ನಂತರ, ಮತ್ತೆ ಗಾಡಿಗೆ ತುಂಬುವ ಬೇಸರಕ್ಕೆ ವ್ಯಾಪಾರಿಗಳು ಬೆಲೆ ಇಳಿಸುತ್ತಾರೆ. ಕೊಂಡದ್ದನ್ನು ಹಿಂತಿರುಗಿಸಲಾಗದು.

ಮೂರೂವರೆಯ ಹೊತ್ತಿಗೆ ನಾನು ಒಂದು ಮೇಜಿನ ಮೂಲೆಯಲ್ಲಿ ನಿಂತು ನಂಬರುಗಳನ್ನು ಬರೆದುಕೊಳ್ಳುತ್ತಿದ್ದಾಗ ಹಿಂದಿನಿಂದ ಕನ್ನಡ ಕೇಳಿಸಿತು.

"ಏನಮ್ಮಾ, ನೀವೂ ಕೋವಿ ಸಂತೆಗೆ ಬಂದಿದ್ದೀರಲ್ಲ!"

ಕೊಡಗಿನ ಹಿರಿಯರೊಬ್ಬರು. ಬಳಗದ ಸಮಾರಂಭಗಳಲ್ಲಿ ಪರಿಚಯ. ಆಸ್ಪತ್ರೆಯ ಪ್ರಯೋಗಾಲಯದಿಂದ ಇತ್ತೀಚೆಗೆ ನಿವೃತ್ತರಾದವರು. ಅವರ ಕೈಯಲ್ಲಿ ಹಳೆಯ ಜೋಡುನಳಿಗೆ ಕೋವಿಯಿತ್ತು, ತೋಟೆ ಸಿಡಿಸಲು ಹಿಂದಕ್ಕೆ ಎಳೆಯುವ ಎರಡು ಕುದುರೆಗಳು ಹೊರಗೇ ಇರುವ ಬಗೆಯದು. ಅವರ ಮುಖದಲ್ಲಿದ್ದಷ್ಟು ಸಂತೋಷವನ್ನು ಆ ಶೆಡ್ಡಿನಲ್ಲಿ ಬೇರೆ ಯಾರಲ್ಲೂ ಕಂಡಿರಲಿಲ್ಲ.

"ಇವತ್ತು ಸುಮ್ನೆ ನೋಡೋಣ ಅಂತ ಬಂದೆ. ಇದು ಕೈಗೆ ಸಿಕ್ತು ನೋಡಿ. ನಾನ್ನೂರ ಐವತ್ತು ಹೇಳ್ದ, ಮುನ್ನೂರ ಎಪ್ಪತ್ತೈದಕ್ಕೆ ಇಳಿಸ್ದೆ. ಬೆಲೆ ಸರಿಯಾ?"

ನಾನು ಕೋವಿಯನ್ನು ನೋಡಿದೆ. ನಳಿಗೆಯಲ್ಲಿ ತಗ್ಗುಗಳಿರಲಿಲ್ಲ. ಮರದ ಹಿಡಿಯಲ್ಲಿ ಕೂದಲೆಳೆಯಷ್ಟು ಬಿರುಕು. ಎರಡು ಸಾಲು ಆಚೆಗೆ ಒಬ್ಬ ಪರವಾನಗಿದಾರರ ಮೇಜಿನಲ್ಲಿ ಇಂಥದೇ ಒಂದಕ್ಕೆ ನಾನ್ನೂರ ಅರವತ್ತು ಎಂದು ಚೀಟಿ ಅಂಟಿಸಿದ್ದನ್ನು ಆಗಷ್ಟೇ ನೋಡಿದ್ದೆ.

"ಬೆಲೆ ಸರಿಯಾಗಿದೆ ಅಂಕಲ್. ಒಳ್ಳೇ ಬೆಲೆನೇ."

"ನೋಡಿ, ನಮ್ಮ ಕಣ್ಣು ತಪ್ಪಲ್ಲ!" ಎಂದು ಕೋವಿಯನ್ನು ಮಡಚಿ ಮುಂಗೈ ಮೇಲೆ ಹಾಕಿಕೊಂಡು ಹೋದರು. ಮಾಲೀಕರು ಮುಂದಿನ ನಂಬರನ್ನು ಹೇಳಿದರು. ನಾನು ಬರೆದುಕೊಂಡೆ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ಅಂಗಡಿಗೆ ಬಂದರು. ಕೋವಿ ಕಾರಿನ ಡಿಕ್ಕಿಯಲ್ಲಿದೆ, ಹಿಡಿಯ ಬಿರುಕಿಗೆ ಅಂಟು ಹಾಕಿಸಿ ಎಣ್ಣೆ ಹಚ್ಚಿಸಬೇಕು, ಸೆಪ್ಟೆಂಬರ್ ಮೊದಲ ವಾರಕ್ಕೆ ಬೇಕು ಎಂದರು.

"ಕೈಲ್ ಪೊಳ್ದ್ ಬರ್ತದಲ್ಲ, ನಮ್ಮ ಆಯುಧ ಪೂಜೆ. ಮೂವತ್ತು ವರ್ಷ ಇಲ್ಲಿ ಕೋವಿಯ ಫೋಟೋ ಇಟ್ಟು ಪೂಜೆ ಮಾಡಿದ್ದೇನೆ ಅಮ್ಮಾ. ಫೋಟೋಗೆ ಹೂ! ಮಗಳು ನಗ್ತಾಳೆ. ಈಗ ಮೊಮ್ಮಗ ಹುಟ್ಟಿದ್ದಾನೆ. ಊರಲ್ಲಿ ಗಂಡು ಹುಟ್ಟಿದ್ರೆ ಒಂದು ಈಡು ಹೊಡೀತೇವೆ. ಇಲ್ಲಿ ಹೊಡೆದ್ರೆ ಹೆಲಿಕಾಪ್ಟರ್ ಬರ್ತದೆ. ಹೊಡೆಯೋದು ಬೇಡ, ಅವನ ಮುಂದೆ ಒಂದು ನಿಜವಾದ ಕೋವಿ ಇರ್ಲಿ ಅಂತ."

ರಿಪೇರಿಗೆ ರಾತ್ರಿ ಉಳಿಯುವ ಬಂದೂಕನ್ನೂ ಪುಸ್ತಕಕ್ಕೆ ಏರಿಸಬೇಕು. ನಾನು ಪುಸ್ತಕ ತೆರೆದು, ನಿಯಮದಂತೆ, ಅವರ ಖರೀದಿದಾರರ ಕಾರ್ಡನ್ನು ಕೇಳಿದೆ. ಬಂದೂಕು ಕೊಳ್ಳಲು ಇಲ್ಲಿ ಪೊಲೀಸರಿಂದ ಪಡೆಯಬೇಕಾದ ಗುರುತಿನ ಕಾರ್ಡು ಅದು.

"ಕಾರ್ಡಾ? ಇಲ್ಲ."

"ಮೇಳದಲ್ಲಿ ಫಾರಂ ತುಂಬಿಸಿಕೊಂಡಿರಬೇಕಲ್ಲ ಅಂಕಲ್?"

"ಫಾರಂ ಗೀರಂ ಏನಿಲ್ಲ. ಅವ ಅಂಗಡಿಯವನಲ್ಲ. ನಳಿಗೆಯಲ್ಲಿ ಕಡ್ಡಿ ಸಿಕ್ಕಿಸಿ, ಕಡ್ಡಿಗೆ ಬೆಲೆ ಚೀಟಿ ಅಂಟಿಸ್ಕೊಂಡು ತಿರುಗ್ತಿದ್ದ. ಮುದುಕ, ಒಳ್ಳೆಯವ. ಅಪ್ಪನ ಕಾಲದ್ದು, ಆ್ಯಂಟೀಕು, ಪೇಪರ್ ಬೇಡ ಅಂದ."

ಬಂದೂಕು ಮೇಳಗಳಲ್ಲಿ ಹೀಗೆ ತಿರುಗಾಡಿ ಮಾರುವ ಖಾಸಗಿಯವರಿರುತ್ತಾರೆ. ಒಂದೇ ರಾಜ್ಯದವರ ನಡುವೆ ಅಂಥ ವ್ಯಾಪಾರಕ್ಕೆ ಅಲ್ಲಿ ಅವಕಾಶವುಂಟು. ಬೇರೆ ರಾಜ್ಯದ ನಿವಾಸಿಗೆ ಖಾಸಗಿಯವರು ಮಾರುವುದೂ, ಕೊಂಡವರು ಅದನ್ನು ತಮ್ಮ ರಾಜ್ಯದೊಳಕ್ಕೆ ತರುವುದೂ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಕಾರ್ಡಿಲ್ಲದೆ ಕೊಂಡದ್ದು ನ್ಯೂಜೆರ್ಸಿಯಲ್ಲಿ ಮತ್ತೊಂದು ಅಪರಾಧ. ಹಳೆಯದೆಂಬ ವಿನಾಯಿತಿ ಹತ್ತೊಂಬತ್ತನೇ ಶತಮಾನದ, ತೋಟೆ ಸಿಗದ ಬಂದೂಕುಗಳಿಗೆ ಮಾತ್ರ, ಇದಕ್ಕೆ ಸಲ್ಲದು. ಆ ಕೋವಿಯ ತೋಟೆ ಈಗಲೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಆರು ಡಬ್ಬಿಗಳಿದ್ದವು.

ನಾನು ಪುಸ್ತಕ ಮುಚ್ಚಿದೆ. ಆ ಕ್ಷಣದಲ್ಲಿ ನನಗೆ ಭಯವಾಯಿತೆಂದು ಬರೆಯಬೇಕು, ಆದರೆ ಹಾಗಾಗಲಿಲ್ಲ. ಕಿವಿಯಲ್ಲಿ ಹತ್ತಿ ತುರುಕಿದಂತೆ ಎಲ್ಲವೂ ದೂರವಾಯಿತು. ಭಾನುವಾರ ನಾನು ಬೆಲೆಯ ಪ್ರಶ್ನೆಗೆ ಉತ್ತರ ಕೊಟ್ಟಿದ್ದೆ, ಅಷ್ಟೇ. ಮಾರುವವರು ಯಾರೆಂದು ಕೇಳಿದ್ದರೆ, ಎರಡು ರಾಜ್ಯಗಳ ನಡುವಿನ ನದಿಯ ಸೇತುವೆ ದಾಟುವ ಮೊದಲೇ ಅದು ಮುಗಿಯುತ್ತಿತ್ತು.

ಹಿಂದಿನ ಕೋಣೆಗೆ ಹೋಗಿ ಮಾಲೀಕರಿಗೆ ತಿಳಿಸಿದೆ. ಅವರು ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ಕೆಳಗಿಟ್ಟು ಕೇಳಿದ್ದು ಒಂದೇ: "ಬಾಗಿಲೊಳಗೆ ಬಂದಿದೆಯಾ?"

"ಇಲ್ಲ. ಕಾರಿನಲ್ಲಿದೆ."

"ಹಾಗಾದರೆ ನಾವು ಅದನ್ನು ನೋಡಿಲ್ಲ. ರಿಪೇರಿ ಆಗುವುದಿಲ್ಲ ಎಂದು ಹೇಳಿ ಕಳುಹಿಸು. ನನ್ನ ಲೈಸೆನ್ಸಿಗೆ ಇಪ್ಪತ್ತಾರು ವರ್ಷ ಆಯಿತು."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನಾನು ಕೌಂಟರಿಗೆ ಬಂದು ರಿಪೇರಿ ಆಗುವುದಿಲ್ಲ ಎಂದೆ. ಹಿರಿಯರು "ಓ, ಕೆಲ್ಸ ಜಾಸ್ತಿಯಾ? ಬೇರೆ ಕಡೆ ತೋರಿಸ್ತೇನೆ ಬಿಡಿ" ಎಂದು ಎದ್ದರು. ಹೊರಡುತ್ತಾ ಬಾಗಿಲ ಬಳಿ ತಿರುಗಿ ಹೇಳಿದರು: "ಸೆಪ್ಟೆಂಬರ್ ಇಪ್ಪತ್ತಕ್ಕೆ ನಂದು ಸಿಟಿಜನ್‌ಶಿಪ್ ಇಂಟರ್‌ವ್ಯೂ ಅಮ್ಮಾ. ಇಷ್ಟು ವರ್ಷ ಊರಿನ ಪಾಸ್‌ಪೋರ್ಟ್ ಬಿಡಕ್ಕೆ ಮನಸ್ಸು ಬರ್ಲಿಲ್ಲ. ಮೊಮ್ಮಗ ಇಲ್ಲೇ ಅಲ್ವಾ, ಅದಕ್ಕೇ ಅರ್ಜಿ ಹಾಕಿಬಿಟ್ಟೆ."

ಪೌರತ್ವದ ಅರ್ಜಿಯಲ್ಲಿ ಒಂದು ಪ್ರಶ್ನೆಯಿದೆ. ಬಂಧನವಾಗದೆ ಉಳಿದಿದ್ದರೂ ಸರಿ, ಎಂದಾದರೂ ಅಪರಾಧ ಮಾಡಿದ್ದೀರಾ ಎಂದು. ಸಂದರ್ಶನದಲ್ಲಿ ಪ್ರಮಾಣ ಮಾಡಿಸಿ ಅದನ್ನು ಮತ್ತೆ ಕೇಳುತ್ತಾರೆ. ನಾನೂ ಉತ್ತರಿಸಿದ್ದೇನೆ. ಅವರು ಬೇರೆ ಅಂಗಡಿಗೆ ಹೋದರೆ ಅಲ್ಲಿನ ಗುಮಾಸ್ತರು ಪೊಲೀಸರಿಗೆ ಫೋನ್ ಮಾಡುವ ಸಾಧ್ಯತೆಯಿತ್ತು. ದಾರಿಯಲ್ಲಿ ಯಾವುದೋ ಕಾರಣಕ್ಕೆ ಪೊಲೀಸರು ಕಾರು ನಿಲ್ಲಿಸುವ ಸಾಧ್ಯತೆಯೂ ಇತ್ತು. ಹಾಗಾದಲ್ಲಿ ಸೆರೆಮನೆ, ನಂತರ ಗ್ರೀನ್ ಕಾರ್ಡೂ ಹೋಗಬಹುದು.

ನಾನು ಕೌಂಟರಿನ ಹಲಗೆ ಎತ್ತಿ ಅವರ ಹಿಂದೆಯೇ ಪಾರ್ಕಿಂಗಿಗೆ ಹೋದೆ. ಕೆಲಸದ ವೇಳೆಯಲ್ಲಿ ಅನುಮತಿಯಿಲ್ಲದೆ ಸ್ಥಾನ ಬಿಟ್ಟದ್ದು ಅದೇ ಮೊದಲು.

ಎಲ್ಲವನ್ನೂ ಹೇಳಿದೆ. ಅವರು ನಕ್ಕರು.

"ಅಯ್ಯೋ, ನಮಗೆ ಲೈಸೆನ್ಸೇ ಬೇಡಮ್ಮಾ! ಕೊಡವರಿಗೆ ಕಾನೂನೇ ವಿನಾಯಿತಿ ಕೊಟ್ಟಿದೆ. ನೀವು ಮೈಸೂರು ಕಡೆಯವರು, ಒಂದು ಪಟಾಕಿಗೂ ಹೆದರ್ತೀರಿ."

"ಅದು ಅಲ್ಲಿ ಅಂಕಲ್."

"ಕೋವಿ ಅಂದ್ರೆ ಎಲ್ಲಾ ಕಡೆ ಕೋವಿಯೇ."

ಕೌಂಟರಿನ ಮೇಲೆ ವಕೀಲರ ಕಾರ್ಡುಗಳು ಸದಾ ಇರುತ್ತವೆ. ಬಂದೂಕು ಪ್ರಕರಣಗಳ ಒಬ್ಬ ವಕೀಲರಿಗೆ ಅಲ್ಲಿಂದಲೇ ಫೋನ್ ಮಾಡಿ ಹಿರಿಯರ ಕೈಗೆ ಕೊಟ್ಟೆ. ಅವರು ಕೇಳುತ್ತಾ ಹೋದಂತೆ ನಗು ನಿಂತಿತು. ವಕೀಲರ ಸೂಚನೆ ಸ್ಪಷ್ಟವಾಗಿತ್ತು. ಎಲ್ಲಿಯೂ ನಿಲ್ಲದೆ ಮನೆಗೆ ಹೋಗಬೇಕು, ಕೋವಿಯನ್ನು ಬೀಗ ಹಾಕಿ ಇಟ್ಟು ಮತ್ತೆ ಮುಟ್ಟಬಾರದು. ಈ ರಾಜ್ಯದಲ್ಲಿ, ತನಿಖೆ ಶುರುವಾಗುವ ಮೊದಲೇ, ಇಂಥ ದಿನ ಇಂಥ ವೇಳೆಗೆ ಆಯುಧವನ್ನು ಒಪ್ಪಿಸುತ್ತೇನೆಂದು ಪೊಲೀಸ್ ಮುಖ್ಯಸ್ಥರಿಗೆ ಲಿಖಿತ ಸೂಚನೆ ಕೊಟ್ಟು ಹಾಗೆಯೇ ಒಪ್ಪಿಸಿದವರನ್ನು, ಅದನ್ನು ಇಟ್ಟುಕೊಂಡಿದ್ದಕ್ಕಾಗಿ ರಾಜ್ಯದ ನ್ಯಾಯಾಲಯ ಶಿಕ್ಷಿಸುವುದಿಲ್ಲ. ಪತ್ರ ಮೊದಲು, ಆಯುಧ ನಂತರ. ಕ್ರಮ ಬದಲಾದರೆ ರಕ್ಷಣೆಯಿಲ್ಲ. ಕೇಂದ್ರ ಕಾನೂನಿನ ಬಗ್ಗೆ ಅವರು ಭರವಸೆ ಕೊಡಲಿಲ್ಲ.

ಹಿರಿಯರು ಒಪ್ಪಲಿಲ್ಲ. ಹತ್ತು ದಿನ ಒಪ್ಪಲಿಲ್ಲ. ಕೋವಿಯನ್ನು ಪೊಲೀಸರ ಕೈಗೆ ಕೊಡುವುದು ಮನೆಯ ಮಾನ ಕೊಟ್ಟಂತೆ ಎಂದು ಫೋನಿನಲ್ಲಿ ಹೇಳುತ್ತಿದ್ದರು. ಮುಂದಿನ ಮೇಳಕ್ಕೆ ಹೋಗಿ ಆ ಮುದುಕನಿಗೇ ವಾಪಸು ಕೊಡುತ್ತೇನೆಂದರು. ಅವನ ಹೆಸರು ಅವರಿಗೆ ತಿಳಿದಿರಲಿಲ್ಲ. ಹನ್ನೊಂದನೆಯ ದಿನ, ಶನಿವಾರ, ಅವರ ಪತ್ನಿ ನನ್ನನ್ನು ಮನೆಗೆ ಕರೆದರು. ಜರ್ಸಿ ಸಿಟಿಯಿಂದ ಮಗಳು ಮಗುವನ್ನು ಕರೆದುಕೊಂಡು ಬಂದಿದ್ದಳು.

"ಅಪ್ಪಾ, ದಿಸ್ ಈಸ್ ಎ ಫೆಲನಿ. ಯು ಕೀಪ್ ಸೇಯಿಂಗ್ ಮಾನ, ಮಾನ. ಜೈಲಲ್ಲಿ ಯಾವ ಮಾನ?" ಎಂದು ಆಕೆ ಕೂಗಾಡುತ್ತಿದ್ದಳು. ಮಗು ಸೋಫಾದ ಮೇಲೆ ನಿದ್ರಿಸುತ್ತಿತ್ತು.

"ಆ್ಯಟಿಕ್‌ನಲ್ಲಿ ಇಟ್ಟರೆ ಯಾರಿಗೆ ಗೊತ್ತಾಗ್ತದೆ?" ಎಂದು ಪತ್ನಿ ಕೇಳಿದರು.

"ಇಂಟರ್‌ವ್ಯೂನಲ್ಲಿ ಕೇಳ್ತಾರೆ ಆಂಟಿ. ಆಗ ಇಲ್ಲ ಅಂದ್ರೆ ಆ ಸುಳ್ಳೇ ಇನ್ನೊಂದು ಅಪರಾಧ," ಎಂದೆ.

ಆಗ ಹಿರಿಯರು ನಡೆದದ್ದನ್ನು ಹೇಳಿದರು. ಆ ಭಾನುವಾರ ಅವರು ಮೊದಲು ಹೋದದ್ದು ನಾನ್ನೂರ ಅರವತ್ತರ ಚೀಟಿಯಿದ್ದ ಮೇಜಿಗೇ. ಅಲ್ಲಿಯವರು ಕಾರ್ಡು ಕೇಳಿದರು. ಇಲ್ಲವೆಂದಾಗ, ಮೊದಲು ಕಾರ್ಡು ಮಾಡಿಸಿಕೊಂಡು ಬನ್ನಿ, ನಂತರ ಮಾರುತ್ತೇನೆ ಎಂದರು. ಗ್ರೀನ್ ಕಾರ್ಡಿನವರಿಗೂ ಅದು ಸಿಗುತ್ತದೆ. ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು ಕಾಯಬೇಕಿತ್ತು. ಅಲ್ಲಿಂದ ತಿರುಗಿದಾಗ ಕಡ್ಡಿ ಸಿಕ್ಕಿಸಿದ ಮುದುಕ ಎದುರಾದ.

ನಾನು ಏನು ಹೇಳಬೇಕೆಂದು ಸಿದ್ಧಪಡಿಸಿಕೊಂಡು ಹೋಗಿರಲಿಲ್ಲ. ಹಳೆಯ ಕಚೇರಿಯಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದೆ.

"ಅಂಕಲ್, ಊರಿನ ಮನೆ ಕೋವಿಗೆ ವಿನಾಯಿತಿ ಪತ್ರ ಇರಬೇಕಲ್ಲ?"

"ಇದೆ. ಅಣ್ಣನ ಹತ್ರ."

"ಅದರಲ್ಲಿ ಏನು ಬರೆದಿದೆ?"

"ಮನೆತನದ ಹೆಸರು. ಅಪ್ಪನ ಹೆಸರು. ಜೋಡುನಳಿಗೆ ತೋಟೆ ಕೋವಿ." ಸ್ವಲ್ಪ ತಡೆದು, "ನಂಬರು," ಎಂದರು.

"ವಿನಾಯಿತಿ ಇದ್ದರೂ ನಂಬರು ಬರೆದೇ ಕೊಡ್ತಿದ್ರು. ಈ ಕೋವಿಯ ನಂಬರಿನ ಪಕ್ಕ ನಿಮ್ಮ ಹೆಸರು ಯಾವ ಪುಸ್ತಕದಲ್ಲೂ ಇಲ್ಲ ಅಂಕಲ್. ಇದನ್ನು ಮೊಮ್ಮಗನಿಗೆ ಕೊಡೋಕೂ ಆಗಲ್ಲ. ಕೊಟ್ಟರೆ ತಪ್ಪನ್ನೇ ಕೊಟ್ಟಂತೆ."

ಅವರು ಮಗುವಿನ ಕಡೆ ನೋಡಲಿಲ್ಲ. ತಮ್ಮ ಅಂಗೈಗಳನ್ನು ನೋಡಿಕೊಂಡರು. "ಬರೀರಿ," ಎಂದರು.

ಪತ್ರದ ಕರಡನ್ನು ಅವರ ಊಟದ ಮೇಜಿನಲ್ಲಿಯೇ ಬರೆದೆ. ಎರಡು ಪುಟವಾಯಿತು. ಸಂಪ್ರದಾಯ, ಹಬ್ಬ, ಆಸೆಯಿಂದ ಆದ ಪ್ರಮಾದ, ಎಲ್ಲವನ್ನೂ ವಿವರಿಸಿದ್ದೆ. ಸೋಮವಾರ ವಕೀಲರು ಅದನ್ನು ನೋಡಿ ನಾಲ್ಕು ಸಾಲು ಉಳಿಸಿ ಮಿಕ್ಕದ್ದನ್ನೆಲ್ಲ ಹೊಡೆದುಹಾಕಿದರು. ಕಾರಣ ಬರೆಯಬೇಡಿ, ಕ್ಷಮೆ ಕೇಳಬೇಡಿ. ಏನು, ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಅಷ್ಟು ಸಾಕು ಎಂದರು. ಇಷ್ಟು ಬೋಳಾದ ಪತ್ರವನ್ನು ನಾನು ಎಂದೂ ಬರೆದಿರಲಿಲ್ಲ. ಒಂದು ಪ್ರತಿ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ಇನ್ನೊಂದನ್ನು ವಕೀಲರ ಸಹಾಯಕರು ಠಾಣೆಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡರು. ಮರುದಿನ ಠಾಣೆಯಿಂದ, ಸಂಬಂಧಪಟ್ಟ ಅಧಿಕಾರಿ ರಜೆಯಲ್ಲಿದ್ದಾರೆ, ದಿನ ಬದಲಿಸಿ ಎಂದು ಫೋನ್ ಬಂತು. ದಿನ ಬದಲಾದರೆ ಪತ್ರವೂ ಬದಲಾಗಬೇಕು. ಮತ್ತೆ ಬರೆದೆ, ಮತ್ತೆ ಮೊಹರು ಬಂತು. ಈ ನಡುವೆ ಆರು ದಿನ ಕೋವಿ ಅವರ ಮಲಗುವ ಕೋಣೆಯ ಬೀರುವಿನಲ್ಲೇ ಇತ್ತು. ಅವರು ಮತ್ತು ಪತ್ನಿ ಕೆಳಗೆ ಹಾಲ್‌ನಲ್ಲಿ ಮಲಗಿದರು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಹೋಗಬೇಕಿತ್ತು. ನಾನು ಮಾಲೀಕರಿಗೆ ವಿಷಯ ತಿಳಿಸಿ ಅರ್ಧ ದಿನದ ರಜೆ ಕೇಳಿದೆ. ಅವರು "ನಾನು ಏನನ್ನೂ ಕೇಳಿಸಿಕೊಂಡಿಲ್ಲ. ರಜೆ ಕೊಟ್ಟಿದ್ದೇನೆ," ಎಂದರು.

ಠಾಣೆಯ ಹಿಂಭಾಗದ ಪಾರ್ಕಿಂಗ್. ವಕೀಲರು ಮೊದಲೇ ಬಂದಿದ್ದರು. ಸೂಚನೆಯಂತೆ ಕೋವಿ ಡಿಕ್ಕಿಯಲ್ಲಿ ಚೀಲದೊಳಗಿತ್ತು. ಹಿರಿಯರು ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲೆ ಕಾಣುವಂತೆ ಇಟ್ಟು ಕುಳಿತಿದ್ದರು. ಹಬ್ಬಕ್ಕೆ ಕೊಡವರು ತೊಡುವ ಕಪ್ಪು ನಿಲುವಂಗಿ ಹಾಕಿಕೊಂಡು ಬರುತ್ತೇನೆಂದಿದ್ದರು. ಅದರ ನಡುಕಟ್ಟಿಗೆ ಕತ್ತಿಯಿರುತ್ತದೆಂದು ಮಗಳು ತಡೆದಿದ್ದಳು. ಇಸ್ತ್ರಿ ಮಾಡಿದ ಬಿಳಿಯ ಅಂಗಿ ಹಾಕಿದ್ದರು. ನಾನು ಪಕ್ಕದ ಸೀಟಿನಲ್ಲಿದ್ದೆ. ಅಧಿಕಾರಿ ಬಂದು ಡಿಕ್ಕಿಯನ್ನು ತಾವೇ ತೆರೆದು, ಚೀಲದಿಂದ ಕೋವಿ ತೆಗೆದು, ಮಡಚಿ, ಎರಡು ನಳಿಗೆಗಳಲ್ಲೂ ಬೆಳಕು ನೋಡಿದರು. ವಕೀಲರು ಸನ್ನೆ ಮಾಡಿದ ಮೇಲೆ ನಾವು ಇಳಿದೆವು.

"ಒಂದು ಸಲ ಮುಟ್ಟಬಹುದಾ ಕೇಳಿ," ಎಂದು ಹಿರಿಯರು ನನಗೆ ಕನ್ನಡದಲ್ಲಿ ಹೇಳಿದರು. ಇಂಗ್ಲಿಷ್ ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ನಾನು ಕೇಳಿದೆ. ಅಧಿಕಾರಿ ಗೌರವದಿಂದಲೇ, "ಸರ್, ದಯವಿಟ್ಟು ಹಿಂದೆ ನಿಲ್ಲಿ" ಎಂದರು.

ಅವರು ಎರಡು ಹೆಜ್ಜೆ ಹಿಂದೆ ಸರಿದು, ಬಗ್ಗಿ, ಕಾರಿನ ಬಂಪರನ್ನು ಮುಟ್ಟಿ ಹಣೆಗೆ ಒತ್ತಿಕೊಂಡರು. ಇಡೀ ಪ್ರಕ್ರಿಯೆಗೆ ಹದಿನಾಲ್ಕು ನಿಮಿಷ ಹಿಡಿಯಿತು. ರಸೀದಿಯ ವಿವರದ ಕಾಲಂನಲ್ಲಿ 'ಹಳೆಯ ಬಂದೂಕು, ಒಂದು' ಎಂದಿತ್ತು.

ಪೌರತ್ವದ ಸಂದರ್ಶನಕ್ಕೆ ಹಿರಿಯರು ವಕೀಲರೊಂದಿಗೆ ನೂವರ್ಕ್ ಊರಿನ ವಲಸೆ ಕಚೇರಿಗೆ ಹೋದರು. ಆ ಪ್ರಶ್ನೆಗೆ ಹೌದು ಎಂದು ಉತ್ತರಿಸಿ ಮೊಹರಿರುವ ಪತ್ರ, ರಸೀದಿಗಳನ್ನು ಒಪ್ಪಿಸಿದರು. ಮೇಳದಲ್ಲಿ ಕಾರ್ಡು ಕೇಳಿದ ಮೇಜಿನವರ ಬಳಿ ಹೋಗಿ ತಿರುಗಿ ಬಂದದ್ದನ್ನೂ ಮುಚ್ಚಿಡಲಿಲ್ಲ. ಇಂದು ತೀರ್ಮಾನ ಹೇಳಲಾಗದು ಎಂಬ ಚೀಟಿ ಸಿಕ್ಕಿತು. ಏಳು ವಾರ ಏನೂ ಬರಲಿಲ್ಲ. ಅಷ್ಟು ದಿನವೂ ನಾನು ಎಂದಿನಂತೆ ಅಂಗಡಿಗೆ ಹೋಗಿ ನಂಬರುಗಳನ್ನು ಬರೆದೆ. ಒಂದೂ ತಪ್ಪಾಗಲಿಲ್ಲ. ಊಟದ ರುಚಿ ತಿಳಿಯುತ್ತಿರಲಿಲ್ಲವೆಂಬುದನ್ನು ಬಿಟ್ಟರೆ ವಿಶೇಷವೇನೂ ಇಲ್ಲ.

ನವೆಂಬರಿನಲ್ಲಿ ಒಪ್ಪಿಗೆಯ ಪತ್ರ ಬಂತು. ಪ್ರಮಾಣವಚನದ ಮರುದಿನ ಅವರು ಸ್ಟೀಲ್ ಡಬ್ಬಿಯಲ್ಲಿ ಹಂದಿಮಾಂಸದ ಪಂದಿ ಕರಿ ಹಿಡಿದು ಅಂಗಡಿಗೆ ಬಂದರು. ಏನನ್ನೂ ನೋಡದ, ಏನನ್ನೂ ಕೇಳದ ಮಾಲೀಕರು ಎರಡು ಬಾರಿ ಬಡಿಸಿಕೊಂಡು, ಇದು ಇಷ್ಟು ಕಪ್ಪಗಾಗಲು ಏನು ಹಾಕುತ್ತೀರಿ ಎಂದು ವಿಚಾರಿಸಿದರು. ಹಿರಿಯರು ಗೋಡೆಯ ಜೋಡುನಳಿಗೆಗಳ ಮುಂದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಈಗ ಕಾರ್ಡಿಗೆ ಅರ್ಜಿ ಹಾಕಬಹುದು ಅಂಕಲ್. ಎಲ್ಲಾ ಸರಿಯಾಗಿ ಮಾಡೋಣ," ಎಂದೆ.

"ಬೇಡಮ್ಮಾ. ಈ ಸಲ ಕತ್ತಿ ಇಟ್ಟು ಪೂಜೆ ಮಾಡಿದೆ. ಸಾಕು."

ನಾನು ಮೂರೂವರೆ ತಿಂಗಳಿನಿಂದ ಹೇಳಬೇಕೆಂದಿದ್ದನ್ನು ಹೇಳಿದೆ. "ಅವತ್ತು ನೀವು ಬೆಲೆ ಕೇಳಿದಾಗ, ಯಾರ ಹತ್ರ ತಗೊಂಡ್ರಿ ಅಂತ ನಾನು ಕೇಳಬೇಕಿತ್ತು ಅಂಕಲ್. ಕೇಳೋದು ನನ್ನ ಕೆಲಸ. ಕೇಳಲಿಲ್ಲ."

ಅವರು ಗೋಡೆಯ ಕಡೆಯಿಂದ ತಿರುಗಲಿಲ್ಲ.

"ಕೇಳಿದ್ರೆ ಸುಳ್ಳು ಹೇಳ್ತಿದ್ದೆ," ಎಂದರು. "ಕಾರ್ಡ್ ಕೇಳಿದ ಆ ಮೇಜಿನವನ ಹತ್ರಾನೇ ತಗೊಂಡೆ ಅಂತಿದ್ದೆ. ಅಷ್ಟು ಆಸೆ ಆಗಿತ್ತಮ್ಮಾ."

ಅದು ನಿಜವೋ, ನನ್ನ ಸಮಾಧಾನಕ್ಕೆಂದು ಆಗಲೇ ಹುಟ್ಟಿಸಿದ ಮಾತೋ ನನಗೆ ತಿಳಿಯಲಿಲ್ಲ. ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮಾಲೀಕರಿಗೆ, ಕಾಚಂಪುಳಿ ಎಂಬ ಕಪ್ಪು ಹುಳಿಯನ್ನು ಊರಿನಿಂದ ತರಿಸಬೇಕು, ಇಲ್ಲಿ ಎಲ್ಲಿಯೂ ಸಿಗುವುದಿಲ್ಲ ಎಂದು ವಿವರಿಸಲು ಆರಂಭಿಸಿದ್ದರು.

ತಮ್ಮ ವಿಶ್ವಾಸಿ,
ಬಳಗದ ಒಬ್ಬ ಸದಸ್ಯೆ